ಹಿತ್ತಾಳೆ ತಂತಿ ನುಡಿಯದ ದಿನ

ಅಪ್ಪ ತೀರಿಕೊಂಡ ಸುದ್ದಿ ಬಂದಾಗ ಅವಳ ಕೈಯಲ್ಲಿ ಬೇರೆ ಯಾರದೋ ನಗು ಇತ್ತು.

ಅವಳ ಕೆಲಸವೇ ಅಂಥದು. ದಂತವೈದ್ಯರು ಕಳಿಸಿದ ವಸಡಿನ ಅಚ್ಚಿನ ಮೇಲೆ ಮೇಣ ಇಟ್ಟು, ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಹಲ್ಲಿನ ಸೆಟ್ಟು ತಯಾರಿಸುವುದು. ಯಾವುದೋ ಅಜ್ಜಿಯ ಮೇಲಿನ ಸಾಲನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಫೋನು ಬಂತು.

ಸೋದರತ್ತೆ.

“ಮಗಾ, ಮನೆಗೆ ಬಾ.”

“ಅಪ್ಪ ಹೇಗಿದ್ದಾರೆ ಅತ್ತೆ?”

“ಬಾ ಅಂದೆನಲ್ಲ...”

ಅತ್ತೆ ಎಂದೂ ಅಷ್ಟು ಕಡಿಮೆ ಮಾತಾಡಿದವಳಲ್ಲ. ಹುಡುಗಿಗೆ ಅಲ್ಲೇ ಎಲ್ಲ ಅರ್ಥವಾಯಿತು. ಪ್ಲಾಸ್ಟರಿನ ಪುಡಿ ಮೆತ್ತಿದ ಬಿಳಿ ಕೋಟಿನಲ್ಲೇ ಬಸ್ಸು ಹತ್ತಿದಳು. ಪಕ್ಕದ ಸೀಟಿನವರು ಅವಳನ್ನು ಡಾಕ್ಟರ್ ಎಂದುಕೊಂಡು ಜಾಗ ಬಿಟ್ಟುಕೊಟ್ಟರು.

ಅಪ್ಪ ಮಂಚದ ಮೇಲೆ ನೆಟ್ಟಗೆ ಮಲಗಿದ್ದರು. ಇಸ್ತ್ರಿಯ ಅಂಗಿ, ಬಾಚಿದ ತಲೆ. ಕೂದಲ ತೇವ ಇನ್ನೂ ಆರಿರಲಿಲ್ಲ. ಸ್ನಾನವಾದ ಮೇಲೆ ಹೋಗಿದ್ದರು.

ಕಿಟಕಿಯ ಬಳಿ ಅವನು ನಿಂತಿದ್ದ. ಅವಳು ಮದುವೆಯಾಗಬೇಕೆಂದುಕೊಂಡಿದ್ದ ಮನುಷ್ಯ.

ಈ ಹೊತ್ತಿನಲ್ಲಿ ಅವನು ಇಲ್ಲಿ ಹೇಗೆ ಎಂದು ಕೇಳುವಷ್ಟು ಪ್ರಜ್ಞೆ ಅವಳಿಗಿರಲಿಲ್ಲ. ಹಿಡಿದುಕೊಳ್ಳಲು ಒಂದು ಕೈ ಬೇಕಾಗಿತ್ತು, ಅಷ್ಟೇ. ಓಡಿ ಹೋಗಿ ಕೈ ಚಾಚಿದಳು.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಕೈಗವಸು ಹಾಕಿದ್ದ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿಬಿಟ್ಟ.

‘ಇವತ್ತೂನಾ...’ ಎಂದುಕೊಂಡಳು ಅವಳು. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

ಆ ಕೈಗವಸಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ.

ಅವಳ ಅಪ್ಪ ಕ್ರೈಸ್ತ ದೇವಾಲಯದ ಗಾಯನ ಮೇಷ್ಟ್ರು. ಅವರ ಕಂಠ ಎಂಥದೆಂದರೆ ಮೈಕು ಕೆಟ್ಟ ಭಾನುವಾರ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಬ್ಬ ತರುಣ ಕಂಬಳಿ ಸುತ್ತಿದ ಏನನ್ನೋ ಹೊತ್ತು ಅವರ ಮನೆ ಬಾಗಿಲಿಗೆ ಬಂದ.

“ಇದೇನಯ್ಯಾ, ಯಾರದೋ ಮನೆ ಕಿಟಕಿ ಕಿತ್ಕೊಂಡು ಬಂದಿದೀಯ?” ಎಂದರು ಮೇಷ್ಟ್ರು.

ಕಂಬಳಿ ಬಿಚ್ಚಿದರೆ ಒಂದು ಪುಟ್ಟ ಹಾರ್ಪ್. ಮೇಷ್ಟ್ರ ಬಾಯಲ್ಲಿ ಅದು ಅಂದೇ ಬೈಬಲಿನ ದಾವೀದನ ಕಿನ್ನರಿಯಾಯಿತು. ಅದಕ್ಕೆ ಹಿತ್ತಾಳೆಯ ತಂತಿಗಳು. ನೂರಾರು ವರ್ಷಗಳ ಹಿಂದೆ, ಮಂಜು ಮುಸುಕಿದ ದ್ವೀಪಗಳಲ್ಲಿ ಕೆಲ್ಟಿಕ್ ಜನ ನುಡಿಸುತ್ತಿದ್ದ ಬಗೆ. ಆ ಕಾಲದ ಸನ್ಯಾಸಿಗಳು ಹಾಡುತ್ತಿದ್ದ ಕೀರ್ತನೆಗಳ ಧಾಟಿಯನ್ನು ಅವನು ಹುಡುಕಿ ಹುಡುಕಿ ಕಲಿತಿದ್ದ. ಆ ತಂತಿಯನ್ನು ಬೆರಳ ತುದಿಯಿಂದ ಮೀಟಿದರೆ ಬರಿದೇ ಠಪ್ಪೆನ್ನುತ್ತದೆ. ಉಗುರಿನಿಂದ ಮೀಟಬೇಕು. ಆಗ ಸಣ್ಣ ಗಂಟೆಯಂತೆ ಬಹಳ ಹೊತ್ತು ಮೊಳಗುತ್ತದೆ.

ಹಾಗಾಗಿ ಅವನ ಹತ್ತೂ ಬೆರಳಲ್ಲಿ ನೀಳವಾದ ಉಗುರು.

“ಗಂಡಸಿಗೆ ಇದೆಂಥ ಉಗುರೋ? ಬೆಕ್ಕಿಗೂ ಇಷ್ಟುದ್ದ ಇರಲ್ಲ,” ಎಂದು ಅತ್ತೆ ಮೂಗು ಮುರಿದಳು. ಅಂದಿನಿಂದ ಅವನಿಗೆ ತಂತಿರಾಯ ಎಂಬ ಹೆಸರು ಬಿತ್ತು.

ಹುಡುಗಿ ಗಮನಿಸಿದ್ದು ಬೇರೆ. ಅವನು ಒಂದು ತಂತಿಯನ್ನು ಮೀಟಿದ ಮೇಲೆ, ಮೊಳಗುತ್ತಿದ್ದ ಹಿಂದಿನ ತಂತಿಯನ್ನು ಇನ್ನೊಂದು ಬೆರಳಿನಿಂದ ಮೆಲ್ಲಗೆ ಮುಟ್ಟುತ್ತಿದ್ದ.

“ನುಡಿಸಿದ್ದನ್ನ ಮತ್ತೆ ಯಾಕೆ ಮುಟ್ತೀಯ?”

“ಸುಮ್ಮನಿರಿಸೋಕೆ. ಇಲ್ಲದಿದ್ದರೆ ಎಲ್ಲ ಒಟ್ಟಿಗೆ ಮಾತಾಡಿ ಯಾವುದೂ ಕೇಳಿಸಲ್ಲ.”

“ನಮ್ಮತ್ತೆ ಮೇಲೂ ಸ್ವಲ್ಪ ಪ್ರಯೋಗ ಮಾಡ್ತೀಯಾ?”

ಅವನು ತಲೆ ಎತ್ತಿ ನಕ್ಕ. ಅಷ್ಟು ಸಾಕಾಯಿತು.

ಮೇಷ್ಟ್ರು ಹಾಡುವುದು, ಅವನು ನುಡಿಸುವುದು. ಇಬ್ಬರೂ ಸೇರಿ ಎಷ್ಟೋ ಕಡೆ ಹೋದರು. ಜನಕ್ಕೆ ಹಿಡಿಸಲಿಲ್ಲ. ತಾಳ ಎಲ್ಲಿ ಎಂದು ಯುವಕರು ಕೇಳಿದರು. ಒಂದು ಮದುವೆಯಲ್ಲಿ ಮದುಮಗಳ ತಂದೆ ಬಂದು, “ಸ್ವಲ್ಪ ಜೀವ ಇರೋದು ಏನಾದ್ರೂ ಗೊತ್ತಾ?” ಎಂದು ವಿಚಾರಿಸಿಕೊಂಡು ಹೋದ. ಆದರೂ ಬಿಡಲಿಲ್ಲ. ಗೋದಾಮಿನಂಥ ಒಂದು ಕೋಣೆಯಲ್ಲಿ ಕುಳಿತು ಕೆಲವು ಕೀರ್ತನೆಗಳನ್ನು ಧ್ವನಿಮುದ್ರಿಸಿಕೊಂಡರು. ಅದು ಹೇಗೋ ಯಾರ ಕಿವಿಗೋ ಬಿದ್ದು, ದೂರದ ಮಹಾನಗರದಿಂದ ಅವನಿಗೆ ಕರೆ ಬಂತು. ಹಳೆಯ ದೊಡ್ಡ ದೇವಾಲಯಗಳಲ್ಲಿ ಸಾಲು ಸಾಲು ಕಚೇರಿಗಳು, ಆಮೇಲೆ ಒಂದು ಆಲ್ಬಂ. ಬದುಕಿಡೀ ಅವನು ಪ್ರಾರ್ಥಿಸಿದ್ದು ಅದನ್ನೇ.

ಅದೇ ಹೊತ್ತಿಗೆ ಮೇಷ್ಟ್ರ ಬೆನ್ನುಹುರಿಗೆ ರೋಗ ಬಡಿಯಿತು. ಮಾತು ಉಳಿಯಿತು, ಸೊಂಟದಿಂದ ಕೆಳಗೆ ಮೈ ಹೋಯಿತು.

ಅವತ್ತಿನಿಂದ ತಂತಿರಾಯನೂ ಬದಲಾದ. ಸಂಜೆ ಎಲ್ಲಾದರೂ ಸಿಕ್ಕರೆ ಬೇಗ ಹೊರಡುತ್ತಿದ್ದ. ಉಗುರಿಗೆ ಪೆಟ್ಟಾಗದಿರಲೆಂದು ಮೊದಲೆಲ್ಲ ಹೊರಗೆ ಹೋಗುವಾಗ ಮಾತ್ರ ಕೈಗವಸು ಹಾಕುತ್ತಿದ್ದವನು ಈಗ ಅವಳೆದುರೂ ತೆಗೆಯುತ್ತಿರಲಿಲ್ಲ. ಕೈ ಹಿಡಿಯಲು ಹೋದರೆ ಜಾರಿಸಿಕೊಳ್ಳುತ್ತಿದ್ದ.

‘ದೊಡ್ಡ ಕಚೇರಿ ಬಂತಲ್ಲ. ಇನ್ನು ನಮ್ಮ ಕೈ ಯಾಕೆ ಬೇಕು...’ ಎಂದು ಅವಳ ಮನಸ್ಸು ಸಣ್ಣದಾಗುತ್ತಿತ್ತು. ಮರುಗಳಿಗೆ ಹಾಗೆಂದುಕೊಂಡಿದ್ದಕ್ಕೆ ನಾಚುತ್ತಿದ್ದಳು.

ಅಪ್ಪ ತೀರಿಕೊಂಡ ಆ ಸಂಜೆ ಪಾದ್ರಿಗಳು ಮನೆಗೆ ಬಂದರು. ಪ್ರಾರ್ಥನೆಯಾದ ಮೇಲೆ ಎಲ್ಲರ ಮುಂದೆ ಅವನನ್ನು ಕೇಳಿದರು.

“ನಾಳೆ ನೀನು ನುಡಿಸಬೇಕಪ್ಪ. ಮೇಷ್ಟ್ರು ನನಗೆ ಎಷ್ಟು ಸಲ ಹೇಳಿದ್ದರು ಗೊತ್ತಾ? ನನ್ನ ಮಣ್ಣಿಗೆ ಭಾಷಣ ಬೇಡ, ತಂತಿರಾಯನ ಕಿನ್ನರಿ ಸಾಕು ಅಂತ.”

ಅವನು ನೆಲ ನೋಡಿದ.

“ಆಗೋದಿಲ್ಲ ಫಾದರ್.”

ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಅವನು ಅವಳತ್ತ ನೋಡಿದ, ಅವಳು ಸೆರಗು ಕಚ್ಚಿಕೊಂಡು ಒಳಗೆ ಹೋದಳು.

ಹುಡುಗಿ ಅವನನ್ನು ಮೆಟ್ಟಿಲ ಬಳಿ ತಡೆದಳು.

“ಅಪ್ಪ ಕೇಳಿದ್ದು ಇದೊಂದೇ. ಒಂದೇ ಒಂದು ಕೀರ್ತನೆ ನುಡಿಸು.”

“ಆಗಲ್ಲ.”

“ಯಾಕೆ?”

“ಕೇಳಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಯಾಕೆ ಅಂತ ಮಾತ್ರ ಕೇಳಬೇಡ.”

“ಹಾಗಾದರೆ ನಾಳೆ ಪೆಟ್ಟಿಗೆಗೆ ಹೆಗಲಾದರೂ ಕೊಡ್ತೀಯಾ? ಅಥವಾ ಅದಕ್ಕೂ...”

“ಕೊಡ್ತೀನಿ.”

ಕೊಟ್ಟ. ಕೈಗವಸು ತೆಗೆಯದೆಯೇ ಕೊಟ್ಟ. ಎಲ್ಲರೂ ಬರಿಗೈಯಲ್ಲಿ ಹಿಡಿ ಮಣ್ಣು ಹಾಕಿದರೆ ಅವನು ಆ ಕೈಗವಸಿನಲ್ಲೇ ಹಾಕಿದ. ಕಿನ್ನರಿ ಇಲ್ಲದೆ, ಮೇಷ್ಟ್ರೂ ಇಲ್ಲದೆ, ಗಾಯಕರ ತಂಡ ಒಂದು ಹಾಡನ್ನು ಎರಡು ಶ್ರುತಿಯಲ್ಲಿ ಎಳೆದು ಮುಗಿಸಿತು. ಇಷ್ಟು ಕೆಟ್ಟದಾಗಿ ಹಾಡಿದರೆ ಅಪ್ಪ ಎದ್ದು ಬೈಯುತ್ತಿದ್ದರು ಎಂದು ಹುಡುಗಿಗೆ ಅನ್ನಿಸಿತು. ಅವರು ಏಳಲಿಲ್ಲ. ಆಗಲೇ ಅವಳಿಗೆ ನಿಜವಾಗಿ ಅಳು ಬಂದದ್ದು.

ಜನ ಚದುರಿದ ಮೇಲೆ ಅವನು ಹತ್ತಿರ ಬಂದ. ಅವಳು ಅವನ ಕೈಗವಸನ್ನೇ ನೋಡಿದಳು.

“ಮಣ್ಣಾಗಿದೆ. ಒಗೆದು ಹಾಕಿಕೊಳ್ಳಿ. ನಿಮ್ಮ ಉಗುರು ಜೋಪಾನ. ದೊಡ್ಡ ದೊಡ್ಡ ಕಡೆ ನುಡಿಸೋರು ನೀವು. ಸತ್ತವರಿಗೆಲ್ಲ ನುಡಿಸಿ ಸವೆಸೋಕಾಗುತ್ತಾ?”

ಎರಡು ವರ್ಷದಿಂದ ನೀನು ಎನ್ನುತ್ತಿದ್ದವಳು ನೀವು ಎಂದಳು. ಅವನಿಗೆ ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಅದು. ತಲೆ ತಗ್ಗಿಸಿ ಹೊರಟುಹೋದ.

ಹೇಳಿಬಿಟ್ಟಿದ್ದರೆ ಅಂದೇ ಎಲ್ಲ ತಿಳಿಯಾಗುತ್ತಿತ್ತು. ಅವನು ಹೇಳುವಂತಿರಲಿಲ್ಲ. ಅವಳು ತಿಳಿಯುವಂತಿರಲಿಲ್ಲ. ದೇವರು ನೋಡುತ್ತಿದ್ದ, ಆದರೆ ದೇವರು ಸಾಕ್ಷಿ ಹೇಳಲು ಬರುವುದಿಲ್ಲ.

ವಾರಗಳು ಕಳೆದವು. ಅವನ ಫೋನು ಬಂದರೆ ಅವಳು ಎತ್ತಲಿಲ್ಲ. ಬರುವುದು ನಿಂತಾಗ ದಿನಕ್ಕೆ ಹತ್ತು ಸಲ ಫೋನು ನೋಡಿದಳು.

‘ಹೋಗಿರುತ್ತಾನೆ. ಈಗ ಯಾವುದೋ ದೊಡ್ಡ ದೇವಾಲಯದಲ್ಲಿ ಜನ ಎದ್ದು ನಿಂತು ಕೈ ತಟ್ಟುತ್ತಿರುತ್ತಾರೆ...’

ಹಲ್ಲು ಉಜ್ಜುವ ಯಂತ್ರದ ಮುಂದೆ ಕುಳಿತು ಹೀಗೆ ಯೋಚಿಸಿ ಯೋಚಿಸಿ ಒಬ್ಬರ ಕೋರೆಹಲ್ಲನ್ನು ಚಪ್ಪಟೆ ಮಾಡಿಟ್ಟಳು.

ಒಂದು ಶನಿವಾರ ಅಪ್ಪನ ಕೋಣೆ ಖಾಲಿ ಮಾಡಿದಳು. ರಬ್ಬರು ಹಾಸು, ಹಾಸಿಗೆಯಲ್ಲೇ ತಲೆ ತೊಳೆಯುವ ಬೋಗುಣಿ, ಒರಸುವ ಮೆತ್ತನೆ ಬಟ್ಟೆಗಳು. ಎಲ್ಲವನ್ನೂ ಕಟ್ಟಿಕೊಂಡು, ರೋಗಿಗಳ ಸೇವೆ ಮಾಡುವ ಸಿಸ್ಟರುಗಳ ಮನೆಗೆ ಹೋದಳು. ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ಅಲ್ಲಿಂದ ಒಬ್ಬ ಗಂಡಾಳು ಬಂದು ಅಪ್ಪನಿಗೆ ಸ್ನಾನ ಮಾಡಿಸಿ, ಹಾಸಿಗೆ ಬದಲಿಸಿ ಹೋಗುತ್ತಾನೆ ಎಂದು ಅಪ್ಪನೇ ಹೇಳಿದ್ದರು. ಅವನ ಮುಖ ಅವಳು ನೋಡಿರಲಿಲ್ಲ.

“ನಿಮ್ಮ ಆ ಅಣ್ಣನಿಗೆ ಒಂದು ಮಾತು ಥ್ಯಾಂಕ್ಸ್ ಹೇಳಬೇಕು ಸಿಸ್ಟರ್. ಅಪ್ಪನ ಬೆನ್ನಿನಲ್ಲಿ ಕೊನೇವರೆಗೂ ಒಂದು ಹುಣ್ಣೂ ಆಗಲಿಲ್ಲ.”

ಹಿರಿಯ ಸಿಸ್ಟರ್ ಕನ್ನಡಕದ ಮೇಲಿಂದ ನೋಡಿದರು.

“ಯಾವ ಅಣ್ಣ ಮಗಳೇ? ನಮ್ಮವನನ್ನ ನಿಮ್ಮ ತಂದೆ ಮೊದಲ ದಿನವೇ ಓಡಿಸಿದರಲ್ಲ. ಗೊತ್ತಿಲ್ಲದವನ ಕೈ ನನಗೆ ಬೇಡ ಅಂತ. ಮನೆಯಲ್ಲೇ ಯಾರೋ ನೋಡ್ಕೊತಾರೆ ಅಂದರು.”

ಅವಳು ಗಂಟನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಒರಸುತ್ತಿದ್ದಳು.

“ಅತ್ತೆ, ಅಪ್ಪನಿಗೆ ಸ್ನಾನ ಮಾಡಿಸ್ತಿದ್ದದ್ದು ಯಾರು?”

“ಈಗ ಯಾಕೆ ಅದೆಲ್ಲ? ಕೈಕಾಲು ತೊಳೆದು ಬಾ, ಊಟ...”

“ಅತ್ತೆ.”

“ನಿಮ್ಮಪ್ಪ ಬೈಬಲ್ ಮುಟ್ಟಿಸಿ ಮಾತು ತಗೊಂಡಿದ್ದಾನೆ ಕಣೇ. ನಾನು ಹೇಳಲ್ಲ.”

“ಹೇಳಬೇಡ. ನಾನು ಹೆಸರು ಹೇಳ್ತೀನಿ, ಅಲ್ಲ ಅನ್ನು ಸಾಕು. ತಂತಿರಾಯ.”

ಅತ್ತೆ ಅಲ್ಲ ಎನ್ನಲಿಲ್ಲ. ಒರಸಿದ ತಟ್ಟೆಯನ್ನೇ ಮತ್ತೆ ಒರಸಿದಳು. ಆಮೇಲೆ ಅದನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಳು. ಅವಳಿಗೆ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದೇ ಒಂದು ಕಾಯಿಲೆಯಾಗಿತ್ತು.

“ನಿಮ್ಮಪ್ಪನಿಗೆ ಕೆಳಗಿನ ಮೈ ಹತೋಟಿ ತಪ್ಪಿತ್ತು. ಬೆಳಿಗ್ಗೆ ಹಾಸಿಗೆಯಲ್ಲೇ ಎಲ್ಲ... ನೀನು ಕೆಲಸಕ್ಕೆ ಹೋಗೋವರೆಗೂ ಹೊದಿಕೆ ಕುತ್ತಿಗೆ ತನಕ ಎಳ್ಕೊಂಡು ನಗ್ತಾ ಮಾತಾಡೋನು. ನನ್ನ ಮಗಳು ನನ್ನನ್ನ ಹೀಗೆ ನೋಡಬಾರದು, ಅವಳಿಗೆ ನಾನು ಹಾಡ್ತಿದ್ದ ಅಪ್ಪನಾಗೇ ಇರಬೇಕು ಅನ್ನೋನು. ನನ್ನ ಹತ್ತಿರಾನೂ ಮುಟ್ಟಿಸಿಕೊಳ್ಳಲಿಲ್ಲ, ಒಡಹುಟ್ಟಿದವಳ ಹತ್ತಿರ.”

“ಅವನು...”

“ನೋಡೋಕೆ ಬಂದಿದ್ದ. ವಾಸನೆ ಬಂತು. ತಕ್ಷಣ ಅಂಗಿಯ ತೋಳು ಮಡಚಿದ. ನಿಮ್ಮಪ್ಪ ತಮಾಷೆಗೇ ಓಡಿಸೋಕೆ ನೋಡಿದ. ಹೋಗೋ, ನಿನ್ನ ಬೆಕ್ಕಿನ ಉಗುರು ತಾಗಿದರೆ ನನ್ನ ಚರ್ಮ ಕಿತ್ಕೊಂಡು ಬರುತ್ತೆ ಅಂದ. ಇವನು ಸರಿ ಅಂತ ಹೊರಟುಹೋದ. ಮಾರನೇ ಬೆಳಿಗ್ಗೆ ಬಂದು ಕೈಗವಸು ತೆಗೆದ...”

ಅತ್ತೆ ತನ್ನ ಹತ್ತು ಬೆರಳನ್ನೂ ಮುಂದೆ ಚಾಚಿ ತೋರಿಸಿದಳು. ಮುಂದೆ ಹೇಳಲಾಗಲಿಲ್ಲ.

“ಕತ್ತರಿಸಿದ್ದ?”

“ಬುಡದವರೆಗೂ. ನಿಮ್ಮಪ್ಪ ಗೋಡೆ ಕಡೆ ಮುಖ ಮಾಡಿ ಅತ್ತ. ಸ್ನಾನ ಮುಗಿಯೋವರೆಗೂ ಈ ಕಡೆ ತಿರುಗಲಿಲ್ಲ. ಆಮೇಲೆ ಇಬ್ಬರ ಹತ್ತಿರಾನೂ ಮಾತು ತಗೊಂಡ, ನಿನಗೆ ಗೊತ್ತಾಗಬಾರದು ಅಂತ. ಅವನು ಆ ದೊಡ್ಡ ಕಚೇರಿಯವರಿಗೆ ಬರಲ್ಲ ಅಂತ ಹೇಳಿಬಿಟ್ಟನಂತೆ. ಬೆಳೀತಾ ಬಂದ ಉಗುರನ್ನ ಇಲ್ಲೇ ಹಿತ್ತಲ ಮೆಟ್ಟಿಲ ಮೇಲೆ ಕೂತು ಮತ್ತೆ ಮತ್ತೆ ಕತ್ತರಿಸೋನು. ನಾನು ನೋಡ್ತಾ ಇದ್ದೆ. ಏನು ಮಾಡಲಿ ಹೇಳು?”

ಏನು ಮಾಡಬಹುದಿತ್ತು? ಯಾರಿಗೂ ಏನೂ ಮಾಡಲಾಗುತ್ತಿರಲಿಲ್ಲ. ಹುಡುಗಿ ಅಡುಗೆಮನೆಯ ನೆಲದ ಮೇಲೆ ಕುಳಿತಳು. ‘ನಿಮ್ಮ ಉಗುರು ಜೋಪಾನ’ ಎಂದ ತನ್ನದೇ ದನಿ ಕಿವಿಯಲ್ಲಿ ಕೇಳುತ್ತಿತ್ತು. ಆಡಿದ ಮಾತನ್ನು ಮುಟ್ಟಿ ಸುಮ್ಮನಿರಿಸುವ ಬೆರಳು ಯಾರಿಗೂ ಇಲ್ಲ.

ಅವನು ಪುಸ್ತಕದ ಮುದ್ರಣಾಲಯವೊಂದರ ಬೈಂಡಿಂಗ್ ಕೋಣೆಯಲ್ಲಿ ಸಿಕ್ಕ. ನುಡಿಸಲಾಗದ ದಿನಗಳಿಗೆ ಅದು ಅವನ ಕೆಲಸ. ಎತ್ತರದ ಮೇಜಿನ ಮುಂದೆ ನಿಂತು, ಕಟ್ಟುಗಳ ಬೆನ್ನಿಗೆ ಅಂಟು ಬಳಿಯುತ್ತಿದ್ದ. ಕೈಗವಸು ಇರಲಿಲ್ಲ.

ಅವಳು ಹತ್ತಿರ ಹೋಗಿ ಕುಂಚ ಹಿಡಿದ ಆ ಕೈಯನ್ನು ತೆಗೆದುಕೊಂಡಳು. ಈ ಸಲ ಅವನು ಹಿಂದೆ ಸರಿಯಲಿಲ್ಲ. ಉಗುರು ಈಗ ಮತ್ತೆ ಸ್ವಲ್ಪ ಬೆಳೆದಿತ್ತು. ಬೆಳ್ಳಗಿನ ಸಣ್ಣ ಗೆರೆಯಷ್ಟು.

“ಕೈ ಅಂಟಾಗಿದೆ,” ಎಂದ ಅವನು.

“ಇರಲಿ.”

“ಅತ್ತೆ ಹೇಳಿದರಾ?”

“ಅತ್ತೆ ಹೇಳಲಿಲ್ಲ. ಅತ್ತೆಗೆ ಅಲ್ಲ ಅನ್ನೋಕೆ ಬರಲಿಲ್ಲ, ಅಷ್ಟೇ.”

ಅವನು ಉಸಿರು ಬಿಟ್ಟ. ಸಮಾಧಾನವೋ ಸಂಕಟವೋ ಅವನಿಗೇ ತಿಳಿಯಲಿಲ್ಲ.

“ಅವತ್ತು ಮಣ್ಣಿನ ಹತ್ತಿರ ನಾನು ಅಷ್ಟೆಲ್ಲ ಅಂದೆ. ಆಗಲಾದರೂ ಹೇಳಬಾರದಾಗಿತ್ತಾ? ಅಪ್ಪ ಹೋಗಿಬಿಟ್ಟಿದ್ದರಲ್ಲ...”

“ಅದಕ್ಕೇ ಹೇಳೋಕಾಗಲಿಲ್ಲ. ಬದುಕಿದ್ದರೆ ಹೋಗಿ ಜಗಳ ಮಾಡಿ ಮಾತು ಬಿಡಿಸಿಕೊಂಡು ಬರ್ತಿದ್ದೆ. ಹೋದ ಮೇಲೆ ಬಿಡಿಸಿಕೊಳ್ಳೋದು ಯಾರ ಹತ್ತಿರ?”

ಅವಳು ಅವನ ಅಂಗೈಗೆ ಹಣೆ ಒತ್ತಿ ಅತ್ತಳು. ಆಚೆ ಮೇಜಿನ ಮುದುಕ ಬೈಂಡರು ಇದ್ದಕ್ಕಿದ್ದಂತೆ ದಾರ ತರಲು ಹೊರಗೆ ಹೋದ.

“ಪಶ್ಚಾತ್ತಾಪ ಇಲ್ವಾ ನಿನಗೆ?” ಎಂದು ಕೇಳಿದಳು.

“ಇದೆ. ಬೆಳಿಗ್ಗೆ ಎದ್ದ ಕೂಡಲೇ ಬರುತ್ತೆ. ನನ್ನ ಜಾಗದಲ್ಲಿ ಬೇರೆ ಯಾರೋ ನುಡಿಸ್ತಿದ್ದಾರೆ. ಇನ್ನೊಂದು ಸಲ ಕರೀತಾರೆ ಅಂತ ನನಗೆ ಅನ್ನಿಸಲ್ಲ. ಆದರೂ ಮೇಷ್ಟ್ರು ಮತ್ತೆ ಹಾಗೆ ಮಲಗಿದ್ದರೆ ಮತ್ತೆ ಕತ್ತರಿಸ್ತೀನಿ. ಎರಡೂ ನಿಜ. ಏನು ಮಾಡೋದು ಗೊತ್ತಿಲ್ಲ.”

ಅವಳು ಕಣ್ಣೊರಸಿಕೊಂಡಳು.

“ನಾನು ಊರಿನವರಿಗೆಲ್ಲ ಹಲ್ಲು ಮಾಡಿಕೊಡ್ತೀನಿ. ನಿನಗೆ ಹತ್ತು ಉಗುರು ಮಾಡೋಕಾಗಲ್ವಾ?”

ಮರುದಿನವೇ ಅವನ ಬೆರಳುಗಳನ್ನು ಒಂದೊಂದಾಗಿ ಮೇಣಕ್ಕೆ ಒತ್ತಿ ಅಚ್ಚು ತೆಗೆದಳು. ಎಷ್ಟೋ ತಿಂಗಳು ಕೊಡದಿದ್ದ ಕೈ, ಇಡೀ ಮಧ್ಯಾಹ್ನ ಅವಳ ಮಡಿಲಲ್ಲಿತ್ತು. ಹಲ್ಲಿನ ವಸ್ತುವಿನಿಂದಲೇ ತೆಳುವಾದ ಉಗುರು ಮಾಡಿ, ಉಜ್ಜಿ, ಹೊಳಪು ಕೊಟ್ಟು ಅಂಟಿಸಿದಳು. ಅವನು ಕಂಬಳಿ ಬಿಚ್ಚಿ, ಕಿನ್ನರಿಯನ್ನು ಎಡಭುಜಕ್ಕೆ ಒರಗಿಸಿಕೊಂಡು ಮೀಟಿದ.

ಸ್ಟೀಲ್ ಲೋಟಕ್ಕೆ ಚಮಚ ಬಡಿದಂತಾಯಿತು. ಎರಡನೇ ಸಲಕ್ಕೆ ಹೆಬ್ಬೆರಳ ಉಗುರು ಕಿತ್ತು ಹಾರಿ, ನೋಡುತ್ತ ಕುಳಿತಿದ್ದ ಅತ್ತೆಯ ರವಿಕೆಯ ಕೊರಳೊಳಗೆ ಬಿತ್ತು.

“ಅಯ್ಯೋ, ಕಚ್ಚಿತು ಕಣೋ,” ಎಂದು ಅತ್ತೆ ಎದ್ದು ಕುಣಿದಳು.

ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು. ನಕ್ಕು ನಕ್ಕು ಮೂವರಿಗೂ ಕಣ್ಣಲ್ಲಿ ನೀರು ಬಂತು. ಆಮೇಲೆ ಆ ನೀರು ನಿಲ್ಲಲಿಲ್ಲ. ಅತ್ತೆ ಎದ್ದು ಒಳಗೆ ಹೋದಳು.

“ಆಗಲಿಲ್ಲ,” ಎಂದಳು ಹುಡುಗಿ, ಉಳಿದ ಉಗುರುಗಳನ್ನು ಮೆಲ್ಲಗೆ ಬಿಡಿಸುತ್ತ. “ನನ್ನಿಂದ ನಿನಗೆ ಇಷ್ಟೂ ಆಗಲಿಲ್ಲ.”

“ಉಗುರು ಬೆಳೆಯೋ ಹೊತ್ತಿಗೆ ಬೆಳೆಯುತ್ತೆ. ಕಾಯಬೇಕು, ಬೇರೆ ದಾರಿ ಇಲ್ಲ.”

“ಅತ್ತೆ ಕೇಳ್ತಿದ್ದಾರೆ. ನೀನು ಈ ಮನೆಗೇ ಬಂದು ಇರೋದು ಯಾವಾಗ ಅಂತ.”

“ಅತ್ತೆ ಕೇಳಿದರಾ?”

“ಇಲ್ಲ. ಅತ್ತೆ ಹೆಸರಲ್ಲಿ ನಾನು ಕೇಳ್ತಿದ್ದೀನಿ.”

ಅವನು ಕಿನ್ನರಿಗೆ ಮತ್ತೆ ಕಂಬಳಿ ಸುತ್ತತೊಡಗಿದ.

“ಹೆಸರಿಲ್ಲದ ಸಂಗೀತಗಾರ ನಾನು. ಈಗ ಉಗುರೂ ಇಲ್ಲ.”

“ಕೈ ಇದೆಯಲ್ಲ. ನನಗೆ ಅದು ಸಾಕು.”

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು.

ಮರುದಿನ ಇಬ್ಬರೂ ಸಮಾಧಿಯ ಬಳಿ ಹೋದರು. ಮಣ್ಣು ಇನ್ನೂ ಕುಸಿಯುತ್ತಿತ್ತು, ಕಲ್ಲು ಇಡಲು ಕಾಯಬೇಕಿತ್ತು. ಕಿನ್ನರಿ ತರಲಿಲ್ಲ. ಮೇಷ್ಟ್ರು ಕೇಳಿದ್ದನ್ನು ಕೊಡಲು ಅವರ ಬಳಿ ಏನೂ ಇರಲಿಲ್ಲ.

“ನೀನೇ ಪ್ರಾರ್ಥನೆ ಮಾಡು,” ಎಂದ ಅವನು.

ಅವಳು ಮೊಣಕಾಲೂರಿದಳು. ಅವನೂ ಪಕ್ಕದಲ್ಲಿ ಊರಿದ.

“ಕರ್ತನೇ, ನನ್ನ ಅಪ್ಪ ನಿನ್ನ ಹತ್ತಿರ ಬಂದಿದ್ದಾರೆ. ಇಲ್ಲಿ ಅವರ ಮೈ ಅವರ ಮಾತು ಕೇಳಲಿಲ್ಲ. ಅಲ್ಲಿ ಅವರಿಗೆ ನೋವಿಲ್ಲದ ಮೈ ಕೊಡು. ಹಾಸಿಗೆಯಿಂದ ಎಬ್ಬಿಸು. ಅವರು ಹಾಡಬೇಕೆಂದರೆ ಹಾಡಲು ಬಿಡು, ಸುಮ್ಮನೆ ಮಲಗಬೇಕೆಂದರೆ ಮಲಗಲು ಬಿಡು. ಅವರು ಮುಚ್ಚಿಟ್ಟದ್ದು ನನಗೆ ಗೊತ್ತಾಯಿತು, ಕರ್ತನೇ. ಅದನ್ನು ಮಾತ್ರ ಅವರಿಗೆ ತಿಳಿಸಬೇಡ. ನನ್ನ ಅಪ್ಪನಿಗೆ ಶಾಂತಿ ಕೊಡು. ಆಮೆನ್.”

“ಆಮೆನ್,” ಎಂದ ಅವನು.